ಮಂಗನ ತಲೆಪಟ್ಟಿ ಎಲ್ಲಿ ಹೋಯಿತು?

ಹೈಸ್ಕೂಲಿನ ಸಮಾಜ ಪುಸ್ತಕದಲ್ಲಿ ಹ್ಯೂಯೆನ್ ತ್ಸಾಂಗ್ ಅಂತ ಒಬ್ಬ ಚೀನಾದ ಸನ್ಯಾಸಿ ಬರುತ್ತಿದ್ದ. ನಲಂದಾದಲ್ಲಿ ಓದಿದವನು. ಹರ್ಷನಿಗೂ ಬಗ್ಗದ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದಿಟ್ಟವನು. ನಮಗೆ ಅವನು ಎರಡು ಮಾರ್ಕಿನ ಪ್ರಶ್ನೆ, ಅಷ್ಟೇ. ಚೀನಾದಲ್ಲಿ ಅವನ ಕಥೆ ಬೇರೆಯೇ ದಾರಿ ಹಿಡಿಯಿತು. ಅವನು 645ರಲ್ಲಿ 657 ಗ್ರಂಥಗಳ ಜೊತೆ ಊರಿಗೆ ವಾಪಸಾದ. ಜನ ಆ ಯಾತ್ರೆಯನ್ನು ಹೇಳುತ್ತಾ, ಹಾಡುತ್ತಾ, ಆಡಿಸುತ್ತಾ ಹೋದರು. ಕೊನೆಗೆ 1592ರಲ್ಲಿ ನಾನ್‌ಜಿಂಗ್‌ನಲ್ಲಿ ನೂರು ಅಧ್ಯಾಯಗಳ ಒಂದು ಕಾದಂಬರಿ ಅಚ್ಚಾಯಿತು. ಹೆಸರು 'ಶಿ ಯೋ ಜಿ', ಅಂದರೆ ಪಶ್ಚಿಮ ಯಾತ್ರೆ. ಬರೆದವರ ಹೆಸರು ಅದರಲ್ಲಿರಲಿಲ್ಲ. ವು ಚೆಂಗ್‌-ಎನ್ ಬರೆದದ್ದು ಅಂತ ಈಗ ಸಾಮಾನ್ಯವಾಗಿ ಹೇಳುತ್ತಾರೆ.

ಕಾದಂಬರಿಯಲ್ಲಿ ಸನ್ಯಾಸಿಯ ಹೆಸರು ತಾಂಗ್ ಸಾನ್‌ಝಾಂಗ್. ಆದರೆ ಕಥೆ ಅವನದ್ದಲ್ಲ, ಅವನ ಶಿಷ್ಯ ಸುನ್ ವುಕಾಂಗ್ ಅನ್ನೋ ಮಂಗನದ್ದು. ಕಲ್ಲಿನಿಂದ ಹುಟ್ಟಿದವನು. ಎಪ್ಪತ್ತೆರಡು ರೂಪ ಬಲ್ಲವನು. ಸ್ವರ್ಗದಲ್ಲಿ ದಾಂಧಲೆ ಎಬ್ಬಿಸಿದ್ದಕ್ಕೆ ಬುದ್ಧ ಅವನನ್ನು ಬೆಟ್ಟದ ಕೆಳಗೆ ಐನೂರು ವರ್ಷ ಅದುಮಿಟ್ಟಿದ್ದ. ಅಲ್ಲಿಂದ ಬಿಡುಗಡೆಯಾದದ್ದು ಈ ಸನ್ಯಾಸಿಯನ್ನು ಕಾಯುವ ಕೆಲಸಕ್ಕೆ. ಜೊತೆಗೆ ಹೊಟ್ಟೆಬಾಕ ಹಂದಿ ಬಾಜಿಯೆ, ಮಾತು ಕಮ್ಮಿಯ ಶಾ ವುಜಿಂಗ್, ಕುದುರೆಯಾದ ಒಬ್ಬ ಡ್ರ್ಯಾಗನ್ ರಾಜಕುಮಾರ. ಹದಿನಾಲ್ಕು ವರ್ಷ, 81 ಕಷ್ಟ, 1,08,000 ಲೀ (ಚೀನೀ ಮೈಲಿ) ದೂರ. ಮಂಗ ಹತೋಟಿ ತಪ್ಪಬಾರದು ಅಂತ ತಲೆಗೊಂದು ಚಿನ್ನದ ಪಟ್ಟಿ. ಗುರು ಮಂತ್ರ ಹೇಳಿದರೆ ಅದು ಬಿಗಿಯಾಗುತ್ತೆ, ಮಂಗ ನೆಲದ ಮೇಲೆ ಹೊರಳಾಡುತ್ತಾನೆ.

ಕೊನೆಯ ಅಧ್ಯಾಯದಲ್ಲಿ ಆ ಪಟ್ಟಿ ತಾನಾಗಿಯೇ ಮಾಯವಾಗುತ್ತೆ. ನನ್ನ ಪ್ರಶ್ನೆ ಇಷ್ಟೇ. ಮಂಗ ಬದಲಾದದ್ದಕ್ಕೆ ಪಟ್ಟಿ ಹೋಯಿತಾ? ಇಲ್ಲಾ, ಕೆಲಸ ಮುಗಿಯಿತು ಅಂತ ಹೋಯಿತಾ?

ಕೆಳಗಿನ ಎರಡೂ ಬರಹ ನನ್ನವೇ. ಮೊದಲನೆಯದು ಪುಸ್ತಕ ಮುಗಿಸಿದ ವಾರ ಬರೆದದ್ದು. ಎರಡನೆಯದು ಕೆಲವು ತಿಂಗಳು ಬಿಟ್ಟು ಮತ್ತೆ ತಿರುವಿ ಹಾಕಿದಾಗ.

ಪರ: ಬದಲಾದ, ಜಾರುತ್ತಾ ಏಳುತ್ತಾ

ಹದಿನಾಲ್ಕನೇ ಅಧ್ಯಾಯದಲ್ಲಿ ಆರು ಜನ ದರೋಡೆಕೋರರು ದಾರಿಗೆ ಅಡ್ಡ ಬರುತ್ತಾರೆ. ಅವರ ಹೆಸರು ಕೇಳಿ. ಕಂಡು ಖುಷಿಪಡುವ ಕಣ್ಣು. ಕೇಳಿ ಸಿಟ್ಟಾಗುವ ಕಿವಿ. ಮೂಸಿ ಆಸೆಪಡುವ ಮೂಗು. ಸವಿದು ಇನ್ನಷ್ಟು ಬೇಕೆನ್ನುವ ನಾಲಿಗೆ. ಉಳಿದಿಬ್ಬರು ಮನಸ್ಸು ಮತ್ತು ಮೈ. ಓದುಗರಿಗೆ ಕಣ್ಣು ಹೊಡೆದು ಹೇಳಿದ ಹಾಗಿದೆ, ಅಲ್ವಾ? ಈ ಕಾದಂಬರಿ ಮಂಗನನ್ನು ಮತ್ತೆ ಮತ್ತೆ 'ಮನಸ್ಸಿನ ಮಂಗ' ಅಂತ ಕರೆಯುತ್ತೆ. ಮನಸ್ಸು ಮರ್ಕಟ ಅನ್ನೋ ಮಾತು ನಮಗೂ ಹೊಸದಲ್ಲ. ಹಾಗಾಗಿ ಕನ್ನಡದ ಓದುಗರಿಗೆ ಇಲ್ಲಿ ಟಿಪ್ಪಣಿ ಬೇಕಾಗುವುದಿಲ್ಲ.

ವುಕಾಂಗ್ ಆರೂ ಜನರನ್ನು ದೊಣ್ಣೆಯಿಂದ ಹೊಡೆದು ಕೊಲ್ಲುತ್ತಾನೆ. ಗುರು ಬೈಯುತ್ತಾನೆ. ಓಡಿಸಿದ್ದರೆ ಸಾಕಿತ್ತು, ಕೊಲ್ಲುವುದು ಯಾಕೆ, ನೀನು ಸನ್ಯಾಸಿ ಆಗೋಕೆ ಲಾಯಕ್ಕಿಲ್ಲ ಅಂತ. ಬೈಗುಳ ಜಾಸ್ತಿಯಾಯಿತು. ಮಂಗ ಒಂದು ಲಾಗ ಹಾಕಿ ಮೋಡದ ಮೇಲೆ ಹೊರಟೇಬಿಟ್ಟ.

ಅವನು ಹೋಗಿದ್ದು ಪೂರ್ವ ಸಮುದ್ರದ ಡ್ರ್ಯಾಗನ್ ರಾಜನ ಮನೆಗೆ. ಅಲ್ಲಿ ಚಹಾ ಕುಡಿಯುವಾಗ ಗೋಡೆಯ ಮೇಲೊಂದು ಚಿತ್ರ ಕಾಣುತ್ತೆ. ಸೇತುವೆಯ ಮೇಲೆ ಕೂತ ಮುದುಕ ಬೇಕಂತಲೇ ಚಪ್ಪಲಿ ಕೆಳಗೆ ಬೀಳಿಸುತ್ತಾನೆ. ಒಬ್ಬ ಯುವಕ ಅದನ್ನು ಎತ್ತಿ ತಂದು ಮಂಡಿಯೂರಿ ಕೊಡುತ್ತಾನೆ. ಹೀಗೆ ಮೂರು ಸಲ. ಸಿಟ್ಟು ಮಾಡಿಕೊಳ್ಳದ ಆ ಯುವಕನೇ ಮುಂದೆ ಹಾನ್ ವಂಶಕ್ಕೆ ರಾಜ್ಯ ಗೆದ್ದುಕೊಡಲು ನೆರವಾದ ಝಾಂಗ್ ಲಿಯಾಂಗ್. ಡ್ರ್ಯಾಗನ್ ರಾಜ ಕಥೆ ಹೇಳಿ, ನೀನು ವಾಪಸ್ ಹೋಗದಿದ್ದರೆ ಕೊನೆವರೆಗೂ ಒಬ್ಬ ಮಾಯಾವಿಯಾಗಿಯೇ ಉಳೀತೀಯ ಅನ್ನುತ್ತಾನೆ. ಮಂಗ ತುಂಬ ಹೊತ್ತು ಮಾತಾಡುವುದಿಲ್ಲ. ಸ್ವರ್ಗದಲ್ಲಿ ಒಂದು ಕ್ಷಣ ಬಾಯಿ ಮುಚ್ಚದಿದ್ದ ಮಂಗ! ಆಮೇಲೆ ಎದ್ದು ಹೊರಡುತ್ತಾನೆ.

ಇಲ್ಲಿ ಒಂದು ಕ್ರಮ ಗಮನಿಸಬೇಕು. ಪಟ್ಟಿ ಅವನ ತಲೆಗೆ ಬಿದ್ದದ್ದು ಅವನು ವಾಪಸ್ ಬಂದ ಮೇಲೆ. ಬಂದದ್ದು ಒಂದು ಚಿತ್ರ ನೋಡಿ. ಮಂಗನನ್ನು ಬರೀ ಹೆದರಿಸಿ ಪಳಗಿಸಿದರು ಅನ್ನುವವರು ಈ ನಾಲ್ಕು ಪುಟ ಸುಮ್ನೆ ದಾಟಿಬಿಡುತ್ತಾರೆ.

ಎರಡನೇ ಸಲ ಅವನು ಹೋದದ್ದು ತಾನಾಗಿ ಅಲ್ಲ. ಗುರುವೇ ಓಡಿಸಿದ. 27ನೇ ಅಧ್ಯಾಯದ ಬಿಳಿ ಮೂಳೆಯ ಪಿಶಾಚಿ ಮೊದಲು ಹುಡುಗಿಯಾಗಿ, ಆಮೇಲೆ ಮುದುಕಿಯಾಗಿ, ಕೊನೆಗೆ ಮುದುಕನಾಗಿ ಬರುತ್ತೆ. ಮೂರೂ ಸಲ ಗುರುತು ಹಿಡಿದು ಹೊಡೆಯುವವನು ವುಕಾಂಗ್. ಮೂರೂ ಸಲ ಅಮಾಯಕರನ್ನು ಕೊಂದೆ ಅಂತ ಬೈಸಿಕೊಳ್ಳುವವನೂ ಅವನೇ. ಬಾಜಿಯೆ ಪಕ್ಕದಲ್ಲಿ ನಿಂತು ಚಾಡಿ ಹೇಳುತ್ತಾನೆ. ಗುರು ಸಂಬಂಧ ಮುಗಿಯಿತು ಅಂತ ಕಾಗದ ಬರೆದುಕೊಟ್ಟು, ನಿನ್ನ ನಮಸ್ಕಾರವೂ ಬೇಡ ಅಂತ ಬೆನ್ನು ತಿರುಗಿಸುತ್ತಾನೆ. ಮಂಗ ಮೈಯ ಮೂರು ಕೂದಲು ಕಿತ್ತು ಮೂರು ಮಂಗಗಳನ್ನು ಮಾಡುತ್ತಾನೆ. ನಾಲ್ಕೂ ಕಡೆಯಿಂದ ನಮಸ್ಕಾರ. ಗುರು ಯಾವ ಕಡೆ ತಿರುಗಿದರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಇದು ತಮಾಷೆಯಾ, ದುಃಖವಾ? ನನಗೆ ಗಂಟಲು ಕಟ್ಟಿತ್ತು.

ಮುಂದೆ ಗುರುವನ್ನು ರಾಕ್ಷಸನೊಬ್ಬ ಹುಲಿಯಾಗಿ ಮಾಡಿ ಬೋನಿಗೆ ಹಾಕಿಸುತ್ತಾನೆ. ಚಾಡಿ ಹೇಳಿದ ಬಾಜಿಯೆಯೇ ಮಂಗನನ್ನು ಕರೆಯಲು ಹೋಗಬೇಕಾಗುತ್ತೆ. ವುಕಾಂಗ್ ಈಗ ತನ್ನ ಬೆಟ್ಟದ ರಾಜ. ಮಂತ್ರ ಹೇಳುವವರು ಅಲ್ಲಿ ಯಾರೂ ಇಲ್ಲ. ಆದರೂ ಹೊರಡುತ್ತಾನೆ. ದಾರಿಯಲ್ಲಿ ಸಮುದ್ರ ಬಂದಾಗ ಸ್ವಲ್ಪ ನಿಲ್ಲು, ಸ್ನಾನ ಮಾಡಿ ಬರ್ತೀನಿ ಅನ್ನುತ್ತಾನೆ. ಇಷ್ಟು ದಿನ ಇಲ್ಲಿದ್ದು ಮೈಗೆ ಪಿಶಾಚಿ ವಾಸನೆ ಹತ್ತಿದೆ, ಗುರುಗಳಿಗೆ ಶುಚಿ ಅಂದರೆ ಇಷ್ಟ, ಬೇಸರ ಮಾಡಿಕೊಂಡಾರು ಅಂತ. ತನ್ನನ್ನು ಹೊರಗೆ ಹಾಕಿದವನಿಗಾಗಿ ಸ್ನಾನ! ಮಂತ್ರದ ಭಯಕ್ಕೆ ಯಾರೂ ಹೀಗೆ ಮೈ ತೊಳೆಯುವುದಿಲ್ಲ.

ಇನ್ನು ಉರಿಯುವ ಬೆಟ್ಟದ ಪ್ರಸಂಗ. ಇದು ನನಗೆ ಇಡೀ ಪುಸ್ತಕದಲ್ಲೇ ಹೆಚ್ಚು ಇಷ್ಟ. ಎಂಟುನೂರು ಲೀ ಉದ್ದಕ್ಕೂ ಬೆಂಕಿ. ಒಂದು ಹುಲ್ಲೂ ಬೆಳೆಯುವುದಿಲ್ಲ. ಬೆಂಕಿ ಹಚ್ಚಿದವರು ಯಾರು ಅಂತ ವಿಚಾರಿಸಿದರೆ ಆ ಜಾಗದ ದೇವತೆ ಹೇಳುತ್ತಾನೆ, ನೀನೇ ಮಾರಾಯ ಅಂತ. ಐನೂರು ವರ್ಷದ ಹಿಂದೆ ಸ್ವರ್ಗದಲ್ಲಿ ಲಾವೋತ್ಸು ಅನ್ನೋ ದೇವರ ಕುಲುಮೆಯಲ್ಲಿ ವುಕಾಂಗನನ್ನು 49 ದಿನ ಸುಟ್ಟಿದ್ದರು. ಸಾಯದೆ ಹೊರಗೆ ಹಾರಿ ಕುಲುಮೆಯನ್ನು ಒದ್ದಿದ್ದ. ಕೆಂಡ ಹತ್ತಿದ ಇಟ್ಟಿಗೆಗಳು ಭೂಮಿಗೆ ಬಿದ್ದು ಈ ಬೆಟ್ಟವಾಗಿತ್ತು. ಕುಲುಮೆ ಕಾಯದೆ ಬಿಟ್ಟದ್ದಕ್ಕೆ ಸ್ವರ್ಗದಿಂದ ಕೆಳಗೆ ತಳ್ಳಿಸಿಕೊಂಡವನೇ ಈ ದೇವತೆ. ಮೂರು ಅಧ್ಯಾಯ ಒದ್ದಾಡಿ ಮಂಗ ಬಾಳೆಎಲೆಯ ಬೀಸಣಿಗೆ ಸಂಪಾದಿಸುತ್ತಾನೆ. ಒಮ್ಮೆ ಬೀಸಿದರೆ ಬೆಂಕಿ ತಣ್ಣಗಾಗುತ್ತೆ, ದಾಟಿ ಹೋಗಬಹುದು. ಅಷ್ಟಕ್ಕೇ ಬಿಡದೆ ಅವನು ಇದನ್ನು ಬೇರುಸಹಿತ ಆರಿಸುವುದು ಹೇಗೆ ಅಂತ ಕೇಳುತ್ತಾನೆ. 49 ಸಲ ಬೀಸಬೇಕು. ಬೀಸುತ್ತಾನೆ. 49 ದಿನದ ಸಿಟ್ಟಿಗೆ 49 ಸಲದ ಗಾಳಿ. ಮಳೆ ಬರುತ್ತೆ. ಯೌವನದಲ್ಲಿ ಒದ್ದು ಹೋದದ್ದನ್ನು ಹಿಂದಿರುಗಿ ನೋಡಿರದಿದ್ದ ಮಂಗ ಈಗ ಅಲ್ಲಿನ ರೈತರ ಹೊಲಕ್ಕಾಗಿ ನಿಂತು ಗಾಳಿ ಹಾಕುತ್ತಿದ್ದಾನೆ.

ಜಾರಿದ್ದೂ ಇದೆ, ಮುಚ್ಚಿಡುವುದಿಲ್ಲ. 56ನೇ ಅಧ್ಯಾಯದಲ್ಲಿ ಮತ್ತೆ ದರೋಡೆಕೋರರು, ಮತ್ತೆ ಕೊಲೆ. ಈ ಸಲ ಹದಿನಾಲ್ಕನೇ ಅಧ್ಯಾಯಕ್ಕಿಂತಲೂ ಕ್ರೂರ. ತಮಗೆ ಅನ್ನ ಹಾಕಿದ ಮುದುಕನ ಮಗನ ತಲೆ ಕಡಿದು ತಂದು ಗುರುವಿಗೆ ತೋರಿಸುತ್ತಾನೆ. ಆಗಲೇ ಆರು ಕಿವಿಯ ಇನ್ನೊಂದು ಮಂಗ ಬರುವುದು. ಅದೇ ಮುಖ, ಅದೇ ದೊಣ್ಣೆ, ತಲೆಯ ಮೇಲೆ ಅದೇ ಪಟ್ಟಿ. ನಿಜವಾದವನು ಯಾರು ಅಂತ ಗುವಾನ್‌ಯಿನ್‌ಗೂ (ನಮ್ಮ ಅವಲೋಕಿತೇಶ್ವರನ ಚೀನೀ ರೂಪ) ಗೊತ್ತಾಗುವುದಿಲ್ಲ. ಇಬ್ಬರೂ ಹೊಡೆದಾಡುತ್ತಾ ಬುದ್ಧನ ಮುಂದೆ ಬಂದಾಗ ಅವನು ಸಭೆಗೆ ಹೇಳುತ್ತಾನೆ: ನೀವೆಲ್ಲ ಒಂದೇ ಮನಸ್ಸಿನವರು, ನೋಡಿ, ಎರಡು ಮನಸ್ಸು ಜಗಳಾಡುತ್ತಾ ಬರುತ್ತಿದೆ. ಅಂದರೆ ಆ ಇನ್ನೊಬ್ಬ ಎಲ್ಲಿಂದಲೋ ಬಂದವನಲ್ಲ. ವುಕಾಂಗನ ಒಳಗಿನಿಂದಲೇ ಎದ್ದವನು. ಒಳ್ಳೆಯವನಾಗುವ ದಾರಿಯಲ್ಲಿ ಅರ್ಧ ಬಂದ ಮೇಲೆ ಇಷ್ಟು ಕೆಳಗೆ ಬೀಳುವುದುಂಟಾ ಅಂದರೆ, ಸಿಗರೇಟು ಬಿಡಲು ಹೊರಟ ಯಾರನ್ನಾದರೂ ಕೇಳಿ.

ಆ ಮೇಲಿನ ವುಕಾಂಗ್ ಬೇರೆ ಥರ. ಒಬ್ಬ ರಾಜ ಔಷಧಿಗಾಗಿ 1,111 ಮಕ್ಕಳ ಹೃದಯ ತೆಗೆಸಲು ಹೊರಟಾಗ ಮೊದಲು ಮಕ್ಕಳನ್ನು ದಾಟಿಸಿ, ಆಮೇಲೆ ರಾಕ್ಷಸನ ಕಡೆ ತಿರುಗುತ್ತಾನೆ. 85ನೇ ಅಧ್ಯಾಯದಲ್ಲಿ ಮುಂದಿನ ಬೆಟ್ಟ ನೋಡಿ ಗುರು ಹೆದರಿದಾಗ, ಮಂಗ ಅವನಿಗೇ ಒಂದು ಪದ್ಯ ನೆನಪಿಸುತ್ತಾನೆ: ಬುದ್ಧನ ಬೆಟ್ಟವನ್ನು ದೂರ ಹುಡುಕಬೇಡ, ಅದು ನಿನ್ನ ಎದೆಯಲ್ಲೇ ಇದೆ. 93ರಲ್ಲಿ ಹೃದಯ ಸೂತ್ರ ಅನ್ನೋ ಬೌದ್ಧ ಗ್ರಂಥದ ಮಾತು ಬರುತ್ತೆ. ನನಗೆ ಅದರ ಅರ್ಥ ಗೊತ್ತು ಅನ್ನುತ್ತಾನೆ ಮಂಗ. ಹಾಗಾದರೆ ಹೇಳು ಅಂದರೆ ಮಾತೇ ಇಲ್ಲ. ಬಾಜಿಯೆ, ಶಾ ವುಜಿಂಗ್ ಬಿದ್ದು ಬಿದ್ದು ನಗುತ್ತಾರೆ. ಗುರು ಮಾತ್ರ, ಸುಮ್ನಿರಿ, ವುಕಾಂಗ್ ಹೇಳಿದ್ದೇ ನಿಜವಾದ ಅರ್ಥ, ಅದಕ್ಕೆ ಮಾತಿಲ್ಲ ಅನ್ನುತ್ತಾನೆ. ಹದಿನಾಲ್ಕನೇ ಅಧ್ಯಾಯದ ಬೈಗುಳದಿಂದ ಇಲ್ಲಿಗೆ ಎಷ್ಟು ದೂರ ನೋಡಿ. ಇಬ್ಬರೂ ನಡೆದಿದ್ದಾರೆ.

97ರಲ್ಲಿ ಮೂರನೇ ಬಾರಿ ದರೋಡೆಕೋರರು. ಮೂವತ್ತಕ್ಕೂ ಜಾಸ್ತಿ ಜನ. ಈ ಸಲ ಮಂಗ ಅವರನ್ನು ನಿಂತಲ್ಲೇ ನಿಲ್ಲಿಸಿ, ಕದ್ದದ್ದನ್ನು ಕಿತ್ತುಕೊಂಡು, ಜೀವಸಹಿತ ಬಿಟ್ಟುಕಳಿಸುತ್ತಾನೆ. ಅದೇ ಪರೀಕ್ಷೆ, ಮೂರನೇ ಪ್ರಯತ್ನ, ಪಾಸ್.

ಕೊನೆಗೆ ತಳವಿಲ್ಲದ ದೋಣಿ. ಹೊಳೆ ದಾಟುವಾಗ ನೀರಿನಲ್ಲಿ ಒಂದು ಹೆಣ ತೇಲಿ ಬರುತ್ತೆ. ಗುರು ಗಾಬರಿ. ಹೆದರಬೇಡಿ, ಅದು ನೀವೇ ಅನ್ನುತ್ತಾನೆ ವುಕಾಂಗ್. ದಡ ಸೇರಿ ಗುರು ಧನ್ಯವಾದ ಹೇಳಿದರೆ, ಯಾರೂ ಯಾರಿಗೂ ಹೇಳುವುದು ಬೇಡ, ಒಬ್ಬರನ್ನೊಬ್ಬರು ಹಿಡಿದುಕೊಂಡು ಬಂದೆವು ಅನ್ನುತ್ತಾನೆ. ಸ್ವರ್ಗಕ್ಕೆ ಸಮನಾದ ಮಹರ್ಷಿ ಅಂತ ಬಾವುಟ ಬರೆಸಿ ಹಾರಿಸಿದ್ದವನ ಬಾಯಲ್ಲಿ ಈ ಮಾತು. ಪಟ್ಟಿ ಮಾಯವಾದದ್ದು ಇದಾದ ಮೇಲೆ. ಯಾರೂ ಬಿಚ್ಚಲಿಲ್ಲ. ಹಿಡಿದಿಡಲು ಅದಕ್ಕೆ ಕೆಲಸವಿರಲಿಲ್ಲ.

ವಿರೋಧ: ಮೊದಲು 97ನೇ ಅಧ್ಯಾಯ ಸರಿಯಾಗಿ ಓದೋಣ

ಮೇಲಿನದನ್ನು ಬರೆದಾಗ ಒಂದೆರಡು ಸಾಲು ಬೇಕಂತಲೇ ಬಿಟ್ಟಿದ್ದೆ. ವಾದಕ್ಕೆ ಅಡ್ಡ ಬರುತ್ತಿದ್ದವು. ಅವುಗಳಿಂದಲೇ ಶುರು ಮಾಡುತ್ತೇನೆ.

ಆ ಮೂವತ್ತು ಕಳ್ಳರನ್ನು ಮಂಗ ಬಿಟ್ಟದ್ದು ಯಾಕೆ? ಪುಸ್ತಕ ಸ್ಪಷ್ಟವಾಗಿ ಹೇಳುತ್ತೆ. ಎಲ್ಲರನ್ನೂ ಒಂದೇ ಏಟಿಗೆ ಸಾಯಿಸಬೇಕು ಅನ್ನಿಸಿತು, ಆದರೆ ಗುರು ಬೈದಾನು ಅಂತ ಬಿಟ್ಟ. ಕರುಣೆಯ ಮಾತೇ ಇಲ್ಲ. ಹದಿನಾಲ್ಕು ವರ್ಷ ನಡೆದು, ಯಾತ್ರೆ ಮುಗಿಯಲು ಒಂದೇ ಅಧ್ಯಾಯ ಬಾಕಿ ಇರುವಾಗಲೂ ಆಸೆ ಅದೇ. ಬದಲಾಗಿದ್ದು ಲೆಕ್ಕಾಚಾರ. ಪೊಲೀಸರು ನಿಂತಿದ್ದಾರೆ ಅಂತ ಹೆಲ್ಮೆಟ್ ಹಾಕಿಕೊಳ್ಳುವವನಿಗೂ ಇವನಿಗೂ ಏನು ವ್ಯತ್ಯಾಸ?

ಸಮುದ್ರದ ಸ್ನಾನ ನನಗೆ ಈಗಲೂ ಇಷ್ಟ. ಆದರೆ ಅದರ ಹಿಂದಿನ ಪುಟದಲ್ಲಿ ಅವನು ಗುಹೆ ಬಿಟ್ಟು ಎದ್ದದ್ದು ಯಾಕೆ? ಆ ರಾಕ್ಷಸ ನಿನಗೆ ಬಾಯಿಗೆ ಬಂದ ಹಾಗೆ ಬೈದ, ಚರ್ಮ ಸುಲಿಯುತ್ತೀನಿ ಅಂದ ಅಂತ ಬಾಜಿಯೆ ಸುಳ್ಳು ಹೇಳಿ ಕೆಣಕಿದ. ಮಂಗನಿಗೆ ಮೈ ಉರಿಯಿತು. ಗುರು ಹುಲಿಯಾದದ್ದಕ್ಕಲ್ಲ, ತನ್ನ ಹೆಸರಿಗೆ ಮಸಿ ಬಿತ್ತು ಅನ್ನೋದಕ್ಕೆ ಎದ್ದ. ಸ್ವರ್ಗದಲ್ಲಿ ದಾಂಧಲೆ ಎದ್ದದ್ದೂ ಇದೇ ಕಾರಣಕ್ಕೆ. ಕುದುರೆ ಲಾಯ ನೋಡಿಕೊಳ್ಳುವ ಕೆಲಸ ಕೀಳು ಹುದ್ದೆ ಅಂತ ಗೊತ್ತಾದಾಗಲೂ ಇದೇ ಉರಿ.

ಅರಿವಿನ ಮಾತೂ ಹಾಗೆಯೇ. ಅವನಿಗೆ ವುಕಾಂಗ್, ಅಂದರೆ ಶೂನ್ಯವನ್ನು ಅರಿತವನು, ಅನ್ನೋ ಹೆಸರು ಸಿಕ್ಕಿದ್ದು ಮೊದಲನೇ ಅಧ್ಯಾಯದಲ್ಲಿ. ಎರಡನೇ ಅಧ್ಯಾಯದಲ್ಲಿ ಮೊದಲ ಗುರು ಸುಬೋಧಿ ಅವನ ತಲೆಗೆ ಮೂರು ಸಲ ಹೊಡೆದು, ಕೈ ಹಿಂದೆ ಕಟ್ಟಿ ಒಳಗೆ ಹೋಗಿಬಿಡುತ್ತಾನೆ. ಉಳಿದ ಶಿಷ್ಯರಿಗೆ ಅದು ಸಿಟ್ಟು. ಮಂಗನಿಗೆ ಮಾತ್ರ ಗೊತ್ತಾಯಿತು, ಮೂರನೇ ಜಾವಕ್ಕೆ ಹಿಂಬಾಗಿಲಿನಿಂದ ಬಾ ಅಂತ. ಮಾತಿಲ್ಲದ ಮಾತು ತಿಳಿಯುವ ಶಕ್ತಿ ಅವನಿಗೆ ಆಗಲೇ ಇತ್ತು. 93ರಲ್ಲಿ ಹೊಸದಾಗಿ ಬಂದದ್ದೇನಲ್ಲ. ಹಾಗಿದ್ದರೆ ಈ ಹದಿನಾಲ್ಕು ವರ್ಷ ಕಲಿಸಿದ್ದು ಏನನ್ನು? ಹೇಳಿದ ಮಾತು ಕೇಳುವುದನ್ನು. ನಮ್ಮ ಆಂಜನೇಯನ ಜೊತೆ ಇವನನ್ನು ಹೋಲಿಸುವುದು ಹಳೆಯ ಚರ್ಚೆ. ಹನುಮಂತನ ಕಥೆ ಚೀನಾಕ್ಕೆ ಹೋಗಿ ವುಕಾಂಗ್ ಹುಟ್ಟಿದ ಅಂತ ಚೀನೀ ವಿದ್ವಾಂಸ ಹು ಶಿ ಊಹಿಸಿದ್ದ, ಅಲ್ಲಿನ ಲೇಖಕ ಲು ಶುನ್ ಒಪ್ಪಲಿಲ್ಲ. ಅದೇನೇ ಇರಲಿ, ರಾಮ ಹನುಮಂತನ ತಲೆಗೆ ಪಟ್ಟಿ ಕಟ್ಟಲಿಲ್ಲ.

ಬಾಜಿಯೆ ಬದಲಾದನಾ ಅನ್ನೋದರ ಬಗ್ಗೆ ಪರ ವಾದದಲ್ಲಿ ಜಾಣತನದಿಂದ ಏನೂ ಹೇಳಿರಲಿಲ್ಲ. ಅವನು ಮೊದಲು ಸ್ವರ್ಗದ ಸೇನಾಧಿಪತಿ. ಕುಡಿದು ಚಂದ್ರಲೋಕದ ಅಪ್ಸರೆಯ ಮೈಮೇಲೆ ಬಿದ್ದದ್ದಕ್ಕೆ ಅವನನ್ನು ಕೆಳಗೆ ತಳ್ಳಿದರು, ಹಂದಿಯ ಹೊಟ್ಟೆಯಲ್ಲಿ ಹುಟ್ಟಿದ. 95ನೇ ಅಧ್ಯಾಯದಲ್ಲಿ ಚಂದ್ರನ ದೇವತೆ ಅಪ್ಸರೆಯರ ಜೊತೆ ಆಕಾಶದಲ್ಲಿ ಬರುತ್ತಾಳೆ. ಬಾಜಿಯೆ ಏನು ಮಾಡುತ್ತಾನೆ? ಹಾರಿ ಹೋಗಿ ಒಬ್ಬಳನ್ನು ತಬ್ಬಿಕೊಂಡು, ಅಕ್ಕಾ, ನಾವು ಹಳೇ ಪರಿಚಯ ಅನ್ನುತ್ತಾನೆ. ಯಾವ ತಪ್ಪಿಗೆ ಶಿಕ್ಷೆಯಾಯಿತೋ ಅದೇ ತಪ್ಪು, ಬುದ್ಧನ ಬೆಟ್ಟಕ್ಕೆ ಮೂರು ಅಧ್ಯಾಯ ಇರುವಾಗ. ಮಂಗ ಹಿಡಿದೆಳೆದು ಎರಡು ಕೆನ್ನೆಗೆ ಬಿಗಿಯಬೇಕಾಯಿತು. ಹೆಸರಿನ ಅರ್ಥವೇನೋ ಎಂಟು ವ್ರತ!

ಗುರುವಿನ ಕಥೆ ಇನ್ನೂ ಕಷ್ಟ. 56ನೇ ಅಧ್ಯಾಯದಲ್ಲಿ ಮಂಗ ಇಬ್ಬರು ಕಳ್ಳರನ್ನು ಕೊಂದಾಗ ಸಾನ್‌ಝಾಂಗ್ ಅವರನ್ನು ಮಣ್ಣು ಮಾಡಿಸಿ ಗೋರಿಯ ಮುಂದೆ ಪ್ರಾರ್ಥನೆ ಮಾಡುತ್ತಾನೆ. ಒಳ್ಳೆಯದೇ. ಆದರೆ ಪ್ರಾರ್ಥನೆ ಏನು? ನಿಮ್ಮನ್ನು ಕೊಂದವನ ಮನೆತನ ಸುನ್, ನನ್ನದು ಚೆನ್. ಯಮನ ಹತ್ತಿರ ದೂರು ಕೊಡುವುದಾದರೆ ಅವನ ಮೇಲೆ ಕೊಡಿ, ನನ್ನ ಮೇಲೆ ಬೇಡ. ಗುರುಗಳು ಚೆನ್ನಾಗಿ ಕೈ ತೊಳೆದುಕೊಂಡರು, ನಾವಿಬ್ಬರೂ ಹೊಡೆದಿಲ್ಲವಲ್ಲ ಅಂತ ಬಾಜಿಯೆ ನಗುತ್ತಾನೆ. ಗುರು ತಕ್ಷಣ ಸೇರಿಸುತ್ತಾನೆ, ಬಾಜಿಯೆ, ಶಾ ವುಜಿಂಗ್ ಕೂಡ ಅಲ್ಲ, ಮಂಗ ಒಬ್ಬನೇ. ಓದಿ ಜೋರಾಗಿ ನಕ್ಕೆ. ನಗು ನಿಂತ ಮೇಲೆ ಹೊಟ್ಟೆಯಲ್ಲಿ ಒಂಥರಾ ಆಯಿತು.

ನಿಜವಾದ ಹ್ಯೂಯೆನ್ ತ್ಸಾಂಗ್ ಹೀಗಿರಲಿಲ್ಲ. ಅವನು ಹೊರಟದ್ದೇ ಗಡಿ ದಾಟಬಾರದು ಅನ್ನೋ ರಾಜಾಜ್ಞೆ ಮುರಿದು. ಮರುಭೂಮಿಯಲ್ಲಿ ಒಬ್ಬನೇ ಇದ್ದಾಗ ನೀರಿನ ಚೀಲ ಕೈಜಾರಿ ಪೂರ್ತಿ ಚೆಲ್ಲಿಹೋಯಿತು. ಸ್ವಲ್ಪ ದೂರ ಹಿಂದಕ್ಕೆ ಬಂದ. ಭಾರತ ಮುಟ್ಟುವವರೆಗೆ ಪೂರ್ವಕ್ಕೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ ಅಂದುಕೊಂಡದ್ದು ನೆನಪಾಯಿತು, ಕುದುರೆ ತಿರುಗಿಸಿದ. ನಾಲ್ಕು ರಾತ್ರಿ ಐದು ಹಗಲು ಒಂದು ಹನಿ ನೀರಿಲ್ಲ. ಅವನ ಜೀವನ ಕಥೆಯಲ್ಲಿ ಶಿಷ್ಯರು ಬರೆದಿಟ್ಟದ್ದು ಇದು. ಕಾದಂಬರಿಯ ಸಾನ್‌ಝಾಂಗ್ ಕೊನೆಯ ಹೊಳೆಯ ಹತ್ತಿರ ಒಂಟಿ ಮರದ ಸೇತುವೆ ನೋಡಿ, ವುಕಾಂಗ್, ಇದು ಮನುಷ್ಯರು ನಡೆಯುವ ದಾರಿಯಲ್ಲ ಅನ್ನುತ್ತಾನೆ. ದೋಣಿಗೂ ಅವನು ತಾನಾಗಿ ಹತ್ತಲಿಲ್ಲ. ಮಂಗ ರಟ್ಟೆ ಹಿಡಿದು ತಳ್ಳಿದ. ನೀರಿಗೆ ಬಿದ್ದು ಒದ್ದೆಯಾದವನನ್ನು ದೋಣಿಯವನು ಎಳೆದು ನಿಲ್ಲಿಸಿದ. ಅವನ ಹಳೆಯ ದೇಹ ಹೆಣವಾಗಿ ತೇಲಿ ಹೋಯಿತು, ಸರಿ. ತಳ್ಳಿಸಿಕೊಂಡವನಿಗೆ ಸಿಕ್ಕ ಮುಕ್ತಿಯನ್ನು ಅವನ ಗುಣದ ಬೆಳವಣಿಗೆ ಅನ್ನಬೇಕಾ?

ಆಮೆಯ ವಿಷಯ ಹೇಳದೆ ಇರಲಾರೆ. 49ನೇ ಅಧ್ಯಾಯದಲ್ಲಿ ಒಂದು ಮುದಿ ಬಿಳಿ ಆಮೆ ಇವರನ್ನೆಲ್ಲ ಬೆನ್ನ ಮೇಲೆ ಕೂರಿಸಿ ದೊಡ್ಡ ಹೊಳೆ ದಾಟಿಸುತ್ತೆ. ದುಡ್ಡು ಕೇಳಲಿಲ್ಲ. ಒಂದೇ ಒಂದು ಸಹಾಯ ಕೇಳಿತು. ಬುದ್ಧ ಸಿಕ್ಕಾಗ, ನನಗೆ ಮನುಷ್ಯ ಜನ್ಮ ಯಾವಾಗ ಅಂತ ವಿಚಾರಿಸಿ. ಸಾನ್‌ಝಾಂಗ್ ಖಂಡಿತ ಕೇಳ್ತೀನಿ ಅಂದ. ವಾಪಸ್ ಬರುವಾಗ ಅದೇ ಹೊಳೆ, ಅದೇ ಆಮೆ. ಆಚೆ ದಡ ಹತ್ತಿರವಾದಾಗ ಆಮೆ ಕೇಳುತ್ತೆ, ವಿಚಾರಿಸಿದಿರಾ? ಗುರುವಿಗೆ ಉತ್ತರವಿಲ್ಲ. ಮರೆತೇ ಹೋಗಿತ್ತು. ತನ್ನ ಗ್ರಂಥ, ತನ್ನ ಯಾತ್ರೆ, ತನ್ನ ಮುಕ್ತಿ, ಇವುಗಳ ನಡುವೆ ಒಂದು ಆಮೆಯ ಪ್ರಶ್ನೆಗೆ ಜಾಗ ಇರಲಿಲ್ಲ. ಆಮೆ ಸುಮ್ಮನೆ ಮುಳುಗಿತು. ಸನ್ಯಾಸಿಗಳು, ಕುದುರೆ, ಗ್ರಂಥ ಎಲ್ಲ ನೀರಿಗೆ.

ತಮಾಷೆ ಏನಂದರೆ, ಇದೂ ಲೆಕ್ಕಕ್ಕೆ ಬೇಕಿತ್ತು. ಗುವಾನ್‌ಯಿನ್ ಕಷ್ಟಗಳ ಪಟ್ಟಿ ತರಿಸಿ ಎಣಿಸಿದಾಗ 80 ಮಾತ್ರ ಆಗಿತ್ತು. 81 ಆಗಬೇಕು. ಹಾಗಾಗಿ ಹಾರಿಸಿಕೊಂಡು ಹೋಗುತ್ತಿದ್ದವರನ್ನು ಆಕಾಶದಿಂದ ಕೆಳಗೆ ಬೀಳಿಸಿದರು. ಮಾರ್ಚ್ ಕೊನೆಯಲ್ಲಿ ಕೋಟಾ ತುಂಬಿಸುವ ಆಫೀಸಿನ ಹಾಗೆ. ಇವರ ಮನಸ್ಸು ಎಷ್ಟು ಹಣ್ಣಾಗಿದೆ ಅಂತ ಯಾರೂ ನೋಡಲಿಲ್ಲ. ನೋಡಿದ್ದು ಸಂಖ್ಯೆ.

ಆ ಕಷ್ಟಗಳಾದರೂ ಎಂಥವು? ಚಿನ್ನದ ಕೊಂಬು, ಬೆಳ್ಳಿ ಕೊಂಬಿನ ರಾಕ್ಷಸರು ಲಾವೋತ್ಸುವಿನ ಹುಡುಗರು, ಗುವಾನ್‌ಯಿನ್ ಕೇಳಿ ಕಳಿಸಿಕೊಂಡಿದ್ದು. ಆಮೆ ಇದ್ದ ಅದೇ ಹೊಳೆಯಲ್ಲಿ ಮಕ್ಕಳನ್ನು ತಿನ್ನುತ್ತಿದ್ದ ರಾಕ್ಷಸ ಗುವಾನ್‌ಯಿನ್‌ಳ ಕೊಳದ ಬಂಗಾರದ ಮೀನು. ಬಿದಿರಿನ ಬುಟ್ಟಿಯಲ್ಲಿ ಹಾಕಿಕೊಂಡು ಹೋದಳು, ಅಷ್ಟೇ. ಮಕ್ಕಳನ್ನು ಕಳೆದುಕೊಂಡ ಊರಿನವರಿಗೆ ದರ್ಶನ ಭಾಗ್ಯ. ವಶೀಲಿ ಇದ್ದ ರಾಕ್ಷಸರೆಲ್ಲ ಯಜಮಾನರ ಜೊತೆ ವಾಪಸ್ ಹೋದರು. ಬಿಳಿ ಮೂಳೆಯವಳಿಗೆ ಯಾರೂ ಇರಲಿಲ್ಲ, ದೊಣ್ಣೆ ಬಿತ್ತು. ಇಂಥ ವ್ಯವಸ್ಥೆಯಲ್ಲಿ ಹದಿನಾಲ್ಕು ವರ್ಷ ಕಳೆದ ಮಂಗ ಕಲಿಯುವ ನೀತಿ ಯಾವುದು ಅಂತ ಯಾರಾದರೂ ಹೇಳಲಿ.

ಬುದ್ಧನ ಬೆಟ್ಟದಲ್ಲೂ ಅದೇ. ಬುದ್ಧನ ಶಿಷ್ಯರಾದ ಆನಂದ, ಕಾಶ್ಯಪ ಇಬ್ಬರೂ ಗ್ರಂಥ ಕೊಡುವ ಮೊದಲು ಕಾಣಿಕೆ ಕೇಳುತ್ತಾರೆ. ಇವರ ಹತ್ತಿರ ಏನಿದೆ? ಖಾಲಿ ಹಾಳೆಗಳನ್ನು ಕಟ್ಟಿಕೊಟ್ಟು ಕಳಿಸುತ್ತಾರೆ. ಗೊತ್ತಾಗಿ ವಾಪಸ್ ಬಂದು ಮಂಗ ದೂರು ಕೊಟ್ಟರೆ ಬುದ್ಧ ನಗುತ್ತಾನೆ. ಹಿಂದೆ ಶ್ರಾವಸ್ತಿಯಲ್ಲಿ ಒಬ್ಬ ಶ್ರೀಮಂತನ ಮನೆಯಲ್ಲಿ ಈ ಸೂತ್ರ ಓದಿ ಬಂದವರು ಮೂರು ಬಳ್ಳ ಮೂರು ಪಾವಿನಷ್ಟು ಚಿನ್ನ ತಂದಿದ್ದರು, ತೀರಾ ಅಗ್ಗಕ್ಕೆ ಮಾರಿದಿರಿ ಅಂತ ನಾನೇ ಬೈದೆ ಅನ್ನುತ್ತಾನೆ. ಖಾಲಿ ಹಾಳೆಯೇ ನಿಜವಾದ ಗ್ರಂಥ ಅಂತಲೂ ಸೇರಿಸುತ್ತಾನೆ. ಅದರಲ್ಲಿ ಆಳವಾದ ಅರ್ಥ ಇದೆ ಅಂತ ಪಂಡಿತರು ಹೇಳುತ್ತಾರೆ, ಇರಬಹುದು. ಆದರೆ ಅಕ್ಷರ ಇದ್ದ 5,048 ಸುರುಳಿ ಸಿಕ್ಕಿದ್ದು ಚಕ್ರವರ್ತಿ ಕೊಟ್ಟಿದ್ದ ಚಿನ್ನದ ಭಿಕ್ಷಾಪಾತ್ರೆ ಕೈ ಬದಲಾಯಿಸಿದ ಮೇಲೆ. ಊರೂರು ತಿರುಗಿ ಅನ್ನ ಬೇಡಿದ ಪಾತ್ರೆ ಅದು.

ಕೊನೆಗೆ ಬಿರುದು ಹಂಚುವ ಸಭೆ. ಸಾನ್‌ಝಾಂಗ್ ಬುದ್ಧನಾದ. ವುಕಾಂಗನೂ ಬುದ್ಧನಾದ, ಹೋರಾಟದಲ್ಲಿ ಗೆದ್ದ ಬುದ್ಧ. ಬಾಜಿಯೆಗೆ ಪೂಜಾಪೀಠ ಶುಚಿ ಮಾಡುವ ಹುದ್ದೆ, ಅಂದರೆ ನೈವೇದ್ಯದಲ್ಲಿ ಉಳಿದದ್ದನ್ನು ತಿನ್ನುವ ಕೆಲಸ. ಅವರೆಲ್ಲ ಬುದ್ಧರು, ನನಗೆ ಮಾತ್ರ ಯಾಕೆ ಇದು ಅಂತ ಅಲ್ಲೇ ಜಗಳ ತೆಗೆಯುತ್ತಾನೆ. ನಿನ್ನ ಹೊಟ್ಟೆ ದೊಡ್ಡದು, ನಿನಗೆ ಇದೇ ಲಾಭ ಅಂತ ಸಮಾಧಾನ. ನನಗಂತೂ ಇಡೀ ಸಭೆಯಲ್ಲಿ ಪ್ರಾಮಾಣಿಕ ಮಾತು ಅದೊಂದೇ ಅನ್ನಿಸಿತು.

ಇನ್ನು ಆ ಪಟ್ಟಿ. ಯಾರೂ ಬಿಚ್ಚಲಿಲ್ಲ, ತಾನಾಗಿ ಹೋಯಿತು ಅಂತ ಪರ ವಾದ ಮುಗಿಸಿದ್ದೆ. ಅದಕ್ಕೆ ಮುಂಚಿನ ಸಾಲು ಇದು. ಬಿರುದು ಸಿಕ್ಕಿದ ಕೂಡಲೇ ವುಕಾಂಗ್ ಗುರುವಿನ ಕಡೆ ತಿರುಗಿ ಹೇಳುತ್ತಾನೆ: ನಾನೂ ಈಗ ನಿಮ್ಮ ಹಾಗೆ ಬುದ್ಧ. ಇನ್ನೂ ಈ ಪಟ್ಟಿ ಇರಬೇಕಾ? ಬೇಗ ಸಡಿಲ ಮಾಡುವ ಮಂತ್ರ ಹೇಳಿ, ತೆಗೆದು ಪುಡಿ ಪುಡಿ ಮಾಡೋಣ. ಆ ಬೋಧಿಸತ್ವೆ (ಗುವಾನ್‌ಯಿನ್) ಇದನ್ನು ಹಿಡಿದುಕೊಂಡು ಇನ್ನೊಬ್ಬರಿಗೆ ಮೋಸ ಮಾಡುವುದು ಬೇಡ.

ಬುದ್ಧನಾಗಿ ಅವನು ಆಡಿದ ಮೊದಲ ಮಾತು. ಹದಿನಾಲ್ಕು ವರ್ಷದ ಸಿಟ್ಟು ಹಾಗೇ ಇದೆ.

ಆಗ ನಿನ್ನನ್ನು ಹಿಡಿದಿಡುವುದು ಕಷ್ಟವಾಗಿತ್ತು, ಅದಕ್ಕೆ ಹಾಕಿದ್ದು ಅಂದ ಗುರು. ಈಗ ಬುದ್ಧನಾಗಿದ್ದೀಯ, ಅದು ಅಲ್ಲಿ ಯಾಕಿರುತ್ತೆ, ಮುಟ್ಟಿ ನೋಡು.

ಮಂಗ ಕೈಯೆತ್ತಿ ತಲೆ ಮುಟ್ಟಿ ನೋಡಿಕೊಂಡ. ಪಟ್ಟಿ ಇರಲಿಲ್ಲ. ಪುಡಿ ಮಾಡುವುದಕ್ಕೂ ಇರಲಿಲ್ಲ.